ಹಸಿರು ಗೆರೆಯ ನಗರ ನಿಕೋಸಿಯಾ

ತಾಮ್ರಕ್ಕೆ ರಸಾಯನಶಾಸ್ತ್ರದಲ್ಲಿ ‘ಸಿಯು’ ಎಂಬ ಸಂಕೇತ ಏಕೆ ಬಂತು? ಲ್ಯಾಟಿನ್ ಭಾಷೆಯ ‘ಕ್ಯುಪ್ರಮ್’ ಎಂಬ ಪದದಿಂದ ಎಂದು ಪಠ್ಯಪುಸ್ತಕ ಹೇಳುತ್ತದೆ. ಆ ಪದವೇ ಒಂದು ದ್ವೀಪದ ಹೆಸರಿನಿಂದ ಹುಟ್ಟಿದ್ದು ಎಂಬುದು ಬಹಳ ವಿದ್ಯಾರ್ಥಿಗಳಿಗೆ ತಿಳಿದಿರಲಾರದು. ಪ್ರಾಚೀನ ರೋಮನ್ನರಿಗೆ ತಾಮ್ರ ಹೇರಳವಾಗಿ ದೊರೆಯುತ್ತಿದ್ದ ಆ ದ್ವೀಪವೇ ಸೈಪ್ರಸ್. ಮೆಡಿಟರೇನಿಯನ್ ಸಮುದ್ರದ ಪೂರ್ವ ಮೂಲೆಯಲ್ಲಿರುವ ಇದರ ವಿಸ್ತೀರ್ಣ 9,251 ಚದರ ಕಿ.ಮೀ. ಉತ್ತರಕ್ಕೆ ಸುಮಾರು 70 ಕಿ.ಮೀ. ದೂರದಲ್ಲಿ ಟರ್ಕಿಯ ತೀರ. ಪಶ್ಚಿಮಕ್ಕೆ ಸುಮಾರು 800 ಕಿ.ಮೀ. ಆಚೆ ಗ್ರೀಸ್‌ನ ಮುಖ್ಯ ಭೂಭಾಗ. ದ್ವೀಪದ ಕಷ್ಟಗಳಿಗೆಲ್ಲ ಅರ್ಧ ಕಾರಣ ಈ ಭೂಪಟದಲ್ಲೇ ಇದೆ ಎನ್ನಬಹುದು.

ಇದರ ರಾಜಧಾನಿ ನಿಕೋಸಿಯಾ. ಹಳೆಯ ನಗರದ ಸುತ್ತ ವೆನಿಸ್‌ನವರು 1567ರಲ್ಲಿ ಕಟ್ಟಲಾರಂಭಿಸಿದ ವೃತ್ತಾಕಾರದ ಕೋಟೆಗೋಡೆ ಇಂದಿಗೂ ಇದೆ. ಗೋಡೆಗೆ ಬಾಣದ ತುದಿಯಂತೆ ಹೊರಚಾಚಿದ ಹನ್ನೊಂದು ಕೊತ್ತಳಗಳು. ಈಗ ಅವುಗಳಲ್ಲಿ ಐದು ಗ್ರೀಕ್ ಸೈಪ್ರಿಯಟ್ಟರ ಕಡೆ, ಐದು ಟರ್ಕಿಷ್ ಸೈಪ್ರಿಯಟ್ಟರ ಕಡೆ. ಉಳಿದ ಒಂದು ನಡುವಿನ ನಿರ್ಜನ ವಲಯದಲ್ಲಿದೆ. ಒಂದು ದೇಶದ ಇಬ್ಭಾಗವನ್ನು ಇಷ್ಟು ಕರಾರುವಾಕ್ಕಾಗಿ ತೋರಿಸುವ ಕೋಟೆ ಬೇರೆಲ್ಲೂ ಸಿಗುವುದು ಕಷ್ಟ.

ಪ್ರವಾಸಿ ಲೆದ್ರಾ ಬೀದಿಯಲ್ಲಿ ಉತ್ತರಕ್ಕೆ ನಡೆಯುತ್ತಾ ಹೋದರೆ ಬಟ್ಟೆಯಂಗಡಿ, ಐಸ್‌ಕ್ರೀಮ್ ಅಂಗಡಿಗಳ ಸಾಲು ಮುಗಿಯುವಲ್ಲಿ ಒಂದು ಪೊಲೀಸ್ ಕಟ್ಟೆ ಎದುರಾಗುತ್ತದೆ. ಪಾಸ್‌ಪೋರ್ಟ್ ತೋರಿಸಿ ಕೆಲವೇ ಹೆಜ್ಜೆ ಇಟ್ಟರೆ ಇನ್ನೊಂದು ಕಟ್ಟೆ. ಎರಡರ ನಡುವೆ ಪಾಳುಬಿದ್ದ ಕಟ್ಟಡಗಳು, ಮರಳಿನ ಚೀಲಗಳು, ತುಕ್ಕು ಹಿಡಿದ ಮುಳ್ಳುತಂತಿ. ಆಚೆ ಹೋದೊಡನೆ ಯೂರೋ ನಾಣ್ಯದ ಬದಲು ಟರ್ಕಿಯ ಲೀರಾ, ಚರ್ಚಿನ ಗಂಟೆಯ ಬದಲು ಮಸೀದಿಯ ಬಾಂಗು. ಆದರೆ ವಾಹನಗಳು ಎರಡೂ ಕಡೆ ರಸ್ತೆಯ ಎಡಬದಿಯಲ್ಲೇ ಓಡುತ್ತವೆ. ಅದು ಬ್ರಿಟಿಷರು ಬಿಟ್ಟುಹೋದ ಪದ್ಧತಿ. ಈಚೆ ‘ಗ್ರೀಕ್ ಕಾಫಿ’ ಎಂದು ಕೊಡುವುದನ್ನೇ ಆಚೆ ‘ಟರ್ಕಿ ಕಾಫಿ’ ಎಂದು ಕೊಡುತ್ತಾರೆ. ಪುಟ್ಟ ಲೋಟದ ತಳದಲ್ಲಿ ಉಳಿಯುವ ಗಸಿ ಒಂದೇ.

ಪೆನ್ಸಿಲಿನಿಂದ ಎಳೆದ ಗಡಿ

ಸೈಪ್ರಸ್ ಬ್ರಿಟನ್ನಿನಿಂದ ಸ್ವತಂತ್ರವಾದದ್ದು 1960ರ ಆಗಸ್ಟ್ 16ರಂದು. ಆಗ ಜನಸಂಖ್ಯೆಯಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ಗ್ರೀಕ್ ಭಾಷೆಯ ಕ್ರೈಸ್ತರು. ಉಳಿದವರಲ್ಲಿ ಹೆಚ್ಚಿನವರು ಟರ್ಕಿ ಭಾಷೆಯ ಮುಸ್ಲಿಮರು. ಗ್ರೀಕರಲ್ಲಿ ಅನೇಕರಿಗೆ ಗ್ರೀಸ್ ಜೊತೆ ಸೇರುವ ಆಸೆ, ಟರ್ಕರಲ್ಲಿ ಅನೇಕರಿಗೆ ದ್ವೀಪವನ್ನು ಹಂಚಿಕೊಳ್ಳುವ ಆಸೆ. ಎರಡೂ ಬೇಡವೆಂದು ರೂಪಿಸಿದ ಒಪ್ಪಂದವನ್ನು 1959ರಲ್ಲಿ ಜ್ಯೂರಿಕ್‌ನಲ್ಲಿ ಕುದುರಿಸಿದವರು ಗ್ರೀಸ್ ಮತ್ತು ಟರ್ಕಿಯ ಪ್ರಧಾನಿಗಳು. ಸೈಪ್ರಸ್ಸಿನ ನಾಯಕರು ಆ ಮಾತುಕತೆಯಲ್ಲಿರಲಿಲ್ಲ. ಲಂಡನ್ನಿನಲ್ಲಿ ಸಹಿ ಹಾಕಲು ಅವರನ್ನು ಕರೆಯಲಾಯಿತು. ಅಧ್ಯಕ್ಷ ಗ್ರೀಕ್, ಉಪಾಧ್ಯಕ್ಷ ಟರ್ಕ್; ಸಂಸತ್ತಿನಲ್ಲಿ 70ಕ್ಕೆ 30 ಸ್ಥಾನ, ಸೈನ್ಯದಲ್ಲಿ 60ಕ್ಕೆ 40. ಇದರ ಮೇಲೆ ಬ್ರಿಟನ್, ಗ್ರೀಸ್, ಟರ್ಕಿ ಮೂರೂ ಹೊಸ ದೇಶಕ್ಕೆ ‘ಜಾಮೀನುದಾರ’ ರಾಷ್ಟ್ರಗಳಾದವು.

ಈ ಲೆಕ್ಕಾಚಾರ ಮೂರೇ ವರ್ಷ ನಡೆಯಿತು. 1963ರ ನವೆಂಬರಿನಲ್ಲಿ ಅಧ್ಯಕ್ಷ ಆರ್ಚ್‌ಬಿಷಪ್ ಮಕಾರಿಯೋಸ್ ಸಂವಿಧಾನಕ್ಕೆ ಹದಿಮೂರು ತಿದ್ದುಪಡಿಗಳನ್ನು ಸೂಚಿಸಿದರು. ತಮ್ಮ ರಕ್ಷಣೆಯೇ ಹೋಯಿತೆಂದು ಟರ್ಕರು ಭಾವಿಸಿದರು. ಡಿಸೆಂಬರಿನಲ್ಲಿ ನಿಕೋಸಿಯಾದ ಬೀದಿಗಳಲ್ಲಿ ರಕ್ತ ಹರಿಯಿತು. ಕಾದಾಟ ನಿಲ್ಲಿಸಲು ಬಂದ ಬ್ರಿಟಿಷ್ ಮೇಜರ್ ಜನರಲ್ ಪೀಟರ್ ಯಂಗ್ ನಗರದ ನಕಾಶೆಯ ಮೇಲೆ ಹಸಿರು ಪೆನ್ಸಿಲಿನಿಂದ ಒಂದು ಗೆರೆ ಎಳೆದರು. ಕೆಲವು ದಿನಗಳ ಮಟ್ಟಿಗೆ ಎಳೆದ ಆ ಗೆರೆಗೆ ಈಗ ಅರವತ್ತು ವರ್ಷ ದಾಟಿದೆ. ಅದರ ಹೆಸರು ಇಂದಿಗೂ ‘ಹಸಿರು ಗೆರೆ’.

ಕೊಡಗಿನ ಸೇನಾನಿ

1964ರ ಮಾರ್ಚಿನಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆ ದ್ವೀಪಕ್ಕೆ ಬಂದಿತು. ಅದರ ಮೊದಲ ದಂಡನಾಯಕ ಭಾರತದ ಲೆಫ್ಟಿನೆಂಟ್ ಜನರಲ್ ಪಿ.ಎಸ್. ಗ್ಯಾನಿ. ಅದೇ ವರ್ಷದ ಜುಲೈನಲ್ಲಿ ಅವರ ಜಾಗಕ್ಕೆ ಬಂದವರು ಮಡಿಕೇರಿಯಲ್ಲಿ ಹುಟ್ಟಿದ ಜನರಲ್ ಕೆ.ಎಸ್. ತಿಮ್ಮಯ್ಯ. ಭಾರತದ ಭೂಸೇನಾ ಮುಖ್ಯಸ್ಥರಾಗಿ ನಿವೃತ್ತರಾಗಿದ್ದ ಅವರಿಗೆ ಇಂಥ ಕೆಲಸ ಹೊಸದಲ್ಲ. ಕೊರಿಯಾ ಯುದ್ಧ ಮುಗಿದಾಗ ಯುದ್ಧಕೈದಿಗಳ ಪ್ರಶ್ನೆಯನ್ನು ಇತ್ಯರ್ಥಪಡಿಸಲು ರಚಿಸಿದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅವರೇ ಅಧ್ಯಕ್ಷರಾಗಿದ್ದರು. 1965ರ ಡಿಸೆಂಬರಿನಲ್ಲಿ, ಕರ್ತವ್ಯದಲ್ಲಿದ್ದಾಗಲೇ, ಹೃದಯಾಘಾತದಿಂದ ಅವರು ಸೈಪ್ರಸ್ಸಿನಲ್ಲಿ ತೀರಿಕೊಂಡರು. ಮರುವರ್ಷ ಸೈಪ್ರಸ್ ಅವರ ನೆನಪಿಗೆ ಅಂಚೆಚೀಟಿ ಹೊರಡಿಸಿತು. ಕಡಲತೀರದ ಲಾರ್ನಾಕಾ ಪಟ್ಟಣದಲ್ಲಿ ಅವರ ಹೆಸರಿನ ದೊಡ್ಡ ರಸ್ತೆಯಿದೆ. ಮಡಿಕೇರಿಯಲ್ಲಿ ಅವರ ಮನೆ ‘ಸನ್ನಿಸೈಡ್’ 2021ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಶಾಲಾ ಪ್ರವಾಸಕ್ಕೆ ಕೊಡಗಿಗೆ ಹೋಗುವ ಮಕ್ಕಳು ಅದನ್ನು ತಪ್ಪದೆ ನೋಡಬೇಕು.

ಬಂದೂಕು ಹಿಡಿದವರನ್ನು ದೂರವಿಡುವುದು ಸೈನಿಕರ ಕೆಲಸ. ಮನಸ್ಸುಗಳನ್ನು ಹತ್ತಿರ ತರುವ ಕೆಲಸಕ್ಕೆ ವಿಶ್ವಸಂಸ್ಥೆ ಬೇರೊಬ್ಬ ಮಧ್ಯಸ್ಥನನ್ನು ನೇಮಿಸಿತು. ಮೊದಲು ಬಂದ ಫಿನ್‌ಲೆಂಡಿನ ಸಕಾರಿ ತುವೊಮಿಯೋಯ 1964ರಲ್ಲೇ ತೀರಿಕೊಂಡರು. ನಂತರ ಬಂದ ಈಕ್ವೆಡಾರ್‌ನ ಮಾಜಿ ಅಧ್ಯಕ್ಷ ಗಾಲೋ ಪ್ಲಾಜಾ 1965ರಲ್ಲಿ ಕೊಟ್ಟ ವರದಿಯನ್ನು ಟರ್ಕಿ ತಳ್ಳಿಹಾಕಿತು. ಅಮೆರಿಕದ ಡೀನ್ ಅಚೆಸನ್ ರೂಪಿಸಿದ ಯೋಜನೆಯೂ ಇತ್ಯರ್ಥ ತರಲಿಲ್ಲ. 1974ರ ಜುಲೈ 15ರಂದು ಗ್ರೀಸ್‌ನ ಸೇನಾಡಳಿತದ ಪ್ರೇರಣೆಯಿಂದ ಮಕಾರಿಯೋಸ್ ವಿರುದ್ಧ ದಂಗೆ ನಡೆಯಿತು. ಐದೇ ದಿನಗಳಲ್ಲಿ ಟರ್ಕಿಯ ಸೈನ್ಯ ಉತ್ತರ ತೀರದಲ್ಲಿ ಇಳಿಯಿತು. ಜಿನೀವಾದಲ್ಲಿ ನಡೆದ ಮಾತುಕತೆ ಮುರಿದ ಮೇಲೆ ಆಗಸ್ಟಿನಲ್ಲಿ ಮತ್ತೆ ಮುನ್ನುಗ್ಗಿ ದ್ವೀಪದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚನ್ನು ಹಿಡಿಯಿತು. ಗ್ರೀಕರು ದಕ್ಷಿಣಕ್ಕೆ, ಟರ್ಕರು ಉತ್ತರಕ್ಕೆ ಮನೆಮಠ ಬಿಟ್ಟು ಹೊರಟರು. ಹಸಿರು ಗೆರೆ ಬೆಳೆದು 180 ಕಿ.ಮೀ. ಉದ್ದದ ವಲಯವಾಯಿತು. ಬಯಲಿನಲ್ಲಿ ಕೆಲವು ಕಿಲೋಮೀಟರ್ ಅಗಲವಿರುವ ಅದು ಹಳೆಯ ನಗರದಲ್ಲಿ ಕೆಲವೆಡೆ ಕೆಲವೇ ಮೀಟರ್ ಅಗಲವಿದೆ. ನಗರದ ವಿಮಾನ ನಿಲ್ದಾಣವೂ ಅದರೊಳಗೆ ಸಿಕ್ಕಿಕೊಂಡಿತು. 1974ರಿಂದ ಅಲ್ಲಿಂದ ಪ್ರಯಾಣಿಕರ ವಿಮಾನ ಹಾರಿಲ್ಲ. ರೆಕ್ಕೆ ಮುದುಡಿದ ಹಕ್ಕಿಯಂತೆ ಒಂದು ಹಳೆಯ ಟ್ರೈಡೆಂಟ್ ವಿಮಾನ ನಿಂತೇ ಇದೆ.

ಸಾವಿರಾರು ಪುಟಗಳ ಯೋಜನೆ

ಅನಂತರದ ಕಥೆ ಸಂಧಾನಗಳ ಕಥೆ. 1977ರಲ್ಲಿ ಮಕಾರಿಯೋಸ್ ಮತ್ತು ಟರ್ಕಿಷ್ ನಾಯಕ ರೌಫ್ ಡೆಂಕ್ಟಾಶ್ ‘ಎರಡು ಸಮುದಾಯಗಳ ಒಕ್ಕೂಟ’ ಎಂಬ ತತ್ತ್ವವನ್ನು ಒಪ್ಪಿದರು. ಒಪ್ಪಿದ್ದು ತತ್ತ್ವ ಮಾತ್ರ. 1983ರಲ್ಲಿ ಉತ್ತರ ಭಾಗ ತಾನೇ ಒಂದು ಗಣರಾಜ್ಯವೆಂದು ಸಾರಿಕೊಂಡಿತು. ಟರ್ಕಿಯೊಂದೇ ಅದನ್ನು ಮಾನ್ಯ ಮಾಡಿತು. 1992ರಲ್ಲಿ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಬುಟ್ರೋಸ್ ಘಾಲಿ ‘ವಿಚಾರಗಳ ಕಟ್ಟು’ ಒಂದನ್ನು ಮುಂದಿಟ್ಟರು. 1997ರಲ್ಲಿ ಅಮೆರಿಕ ರಿಚರ್ಡ್ ಹಾಲ್‌ಬ್ರೂಕ್ ಅವರನ್ನು ನೇಮಿಸಿತು. ಬೋಸ್ನಿಯಾದಲ್ಲಿ ಯಶಸ್ವಿಯಾದ ಅವರಿಗೂ ಇಲ್ಲಿ ಗಂಟು ಬಿಚ್ಚಲಾಗಲಿಲ್ಲ.

ಎಲ್ಲಕ್ಕಿಂತ ದೊಡ್ಡ ಪ್ರಯತ್ನ ಕೋಫಿ ಅನ್ನಾನ್ ಅವರದು. ಪೂರಕ ಕಾನೂನುಗಳೂ ಸೇರಿ ಸಾವಿರಾರು ಪುಟಗಳಷ್ಟಿದ್ದ ಆ ಯೋಜನೆಯನ್ನು ಐದು ಬಾರಿ ತಿದ್ದಲಾಯಿತು. ಇಬ್ಬರಿಗೂ ಒಪ್ಪಿಗೆಯಾಗದ ಜಾಗಗಳನ್ನು ಕೊನೆಗೆ ಅನ್ನಾನ್ ಅವರೇ ತುಂಬಿದರು. 2004ರ ಏಪ್ರಿಲ್ 24ರಂದು ಎರಡೂ ಕಡೆ ಜನಮತಗಣನೆ ನಡೆಯಿತು. ಟರ್ಕರಲ್ಲಿ ಶೇ. 65ರಷ್ಟು ಮಂದಿ ‘ಹೌದು’ ಎಂದರು, ಗ್ರೀಕರಲ್ಲಿ ಶೇ. 76ರಷ್ಟು ಮಂದಿ ‘ಬೇಡ’ ಎಂದರು. ಮತದ ಫಲಿತಾಂಶ ಏನೇ ಬಂದರೂ ಒಂದೇ ವಾರದಲ್ಲಿ ಸೈಪ್ರಸ್ ಐರೋಪ್ಯ ಒಕ್ಕೂಟಕ್ಕೆ ಸೇರುವುದು ನಿಶ್ಚಿತವಾಗಿತ್ತು. ಟರ್ಕಿಯ ಸೈನಿಕರು ದ್ವೀಪದಲ್ಲಿ ಉಳಿಯುವರೆಂಬ ಭಯ ದಕ್ಷಿಣದ ಮತದಾರನಿಗಿತ್ತು; ಬೇಡವೆಂದರೆ ಕಳೆದುಕೊಳ್ಳುವುದೇನೂ ಅವನಿಗೆ ಕಾಣಲಿಲ್ಲ. 2017ರ ಜುಲೈನಲ್ಲಿ ಸ್ವಿಟ್ಜರ್ಲೆಂಡಿನ ಕ್ರಾನ್ಸ್-ಮೊಂಟಾನಾದಲ್ಲಿ ಅಂಟೋನಿಯೋ ಗುಟೆರೆಸ್ ಸಮ್ಮುಖದಲ್ಲಿ ನಡೆದ ಮಾತುಕತೆಯೂ ಟರ್ಕಿಯ ಸೈನ್ಯ ಮತ್ತು ಜಾಮೀನಿನ ಹಕ್ಕಿನ ಪ್ರಶ್ನೆಯಲ್ಲಿ ಎಡವಿತು.

ಪ್ರಯೋಗಶಾಲೆಯಲ್ಲಿ ಕ್ರಿಯಾವರ್ಧಕದ ಪಾತ್ರ ವಿದ್ಯಾರ್ಥಿಗಳಿಗೆ ಗೊತ್ತು. ನಡೆಯಬಲ್ಲ ಕ್ರಿಯೆಯನ್ನು ಅದು ಬೇಗ ನಡೆಯುವಂತೆ ಮಾಡುತ್ತದೆ. ನಡೆಯಲಾರದ ಕ್ರಿಯೆಯನ್ನು ಎಷ್ಟು ಸುರಿದರೂ ನಡೆಸಲಾರದು. ಮಧ್ಯಸ್ಥಿಕೆಯೂ ಹಾಗೆಯೇ. ಹಾಗಾದರೆ ಸೈಪ್ರಸ್ಸಿನಲ್ಲಿ ನಡೆಯಬಲ್ಲದ್ದು ಏನೂ ಇರಲಿಲ್ಲವೇ? ಇತ್ತು. ಅದನ್ನು ನೋಡಲು ನಿಕೋಸಿಯಾದ ನೆಲದಡಿಗೆ ಇಳಿಯಬೇಕು.

ನೀರಿಗೆ ಗೆರೆಯಿಲ್ಲ

1974ಕ್ಕೆ ಮುಂಚೆ ನಗರಕ್ಕೆ ಒಳಚರಂಡಿ ಹಾಕುವ ಕೆಲಸ ಶುರುವಾಗಿತ್ತು. ನೆಲದ ಇಳಿಜಾರು ಈಶಾನ್ಯಕ್ಕೆ. ಆದ್ದರಿಂದ ಶುದ್ಧೀಕರಣ ಘಟಕದ ಜಾಗ ಉತ್ತರದಲ್ಲಿ, ಹೆಚ್ಚಿನ ಮನೆಗಳು ದಕ್ಷಿಣದಲ್ಲಿ. ಯುದ್ಧ ಬಂದು ಕೆಲಸ ನಿಂತಿತು. ಗುರುತ್ವಾಕರ್ಷಣೆಗೆ ಗಡಿಯ ಕಾವಲುಗಾರನ ಭಯವಿಲ್ಲ. ಕೊಳಚೆ ಇಳಿಜಾರಿನ ಕಡೆಗೇ ಹರಿಯಬೇಕು. 1978ರಲ್ಲಿ ದಕ್ಷಿಣದ ಮೇಯರ್ ಲೆಲ್ಲೋಸ್ ಡಿಮಿಟ್ರಿಯಾಡಿಸ್, ಉತ್ತರದ ಮೇಯರ್ ಮುಸ್ತಾಫಾ ಅಕಿಂಜಿ ಈ ವಿಷಯಕ್ಕಾಗಿ ಕೈಜೋಡಿಸಿದರು. ಉತ್ತರದ ಆಡಳಿತಕ್ಕೆ ದಕ್ಷಿಣದ ಮನ್ನಣೆ ಇರಲಿಲ್ಲ. ಆದರೂ ಒಳಚರಂಡಿ ಪೂರ್ಣಗೊಂಡು ಎರಡೂ ಕಡೆಯ ಕೊಳಚೆ ಒಂದೇ ಘಟಕ ಸೇರಿತು. ಅಲ್ಲಿಂದ ಬೆಳೆದ ಜಂಟಿ ನಗರ ಯೋಜನೆ ಹಳೆಯ ಕೋಟೆನಗರದ ಮನೆಗಳನ್ನು ಎರಡೂ ಬದಿ ದುರಸ್ತಿ ಮಾಡಿತು; 2007ರಲ್ಲಿ ಅದಕ್ಕೆ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಬಂದಿತು. ಅಕಿಂಜಿ ಮುಂದೆ 2015ರಿಂದ 2020ರವರೆಗೆ ಟರ್ಕಿಷ್ ಸೈಪ್ರಿಯಟ್ಟರ ನಾಯಕರೂ ಆದರು.

ಇಲ್ಲೂ ಹೊರಗಿನವರ ಪಾತ್ರವಿತ್ತು. ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ಕೂತು ಮಾತಾಡಲು ಮೇಜು ಒದಗಿಸಿತು. ಆದರೆ ಬೇಕಾದದ್ದು ಏನೆಂದು ಗುರುತಿಸಿದವರು ಊರಿನವರೇ.

ಇನ್ನೊಂದು ಕೆಲಸ ಇದಕ್ಕಿಂತ ಕಠಿಣವಾದದ್ದು. 1963-64 ಮತ್ತು 1974ರ ಹಿಂಸೆಯಲ್ಲಿ ಕಾಣೆಯಾದವರ ಅಧಿಕೃತ ಪಟ್ಟಿಯಲ್ಲಿ 2,002 ಹೆಸರುಗಳಿವೆ: 1,510 ಗ್ರೀಕರು, 492 ಟರ್ಕರು. ಇವರನ್ನು ಹುಡುಕಲು 1981ರಲ್ಲಿ ಸಮಿತಿಯೊಂದನ್ನು ಒಪ್ಪಿಕೊಳ್ಳಲಾಯಿತು. ಅದರಲ್ಲಿ ಎರಡೂ ಸಮುದಾಯಗಳ ಒಬ್ಬೊಬ್ಬರು, ವಿಶ್ವಸಂಸ್ಥೆಯ ಮೂರನೆಯ ಸದಸ್ಯ ಒಬ್ಬರು. ಕಾಲು ಶತಮಾನ ಕಾದಮೇಲೆ, 2006ರಲ್ಲಿ, ನೆಲ ಅಗೆಯುವ ಕೆಲಸ ಆರಂಭವಾಯಿತು. ಹಳೆಯ ವಿಮಾನ ನಿಲ್ದಾಣದ ಆವರಣದ ಪ್ರಯೋಗಶಾಲೆಯಲ್ಲಿ ಎರಡೂ ಸಮುದಾಯಗಳ ತರುಣ ವಿಜ್ಞಾನಿಗಳು ಒಂದೇ ಮೇಜಿನ ಮೇಲೆ ಮೂಳೆಗಳನ್ನು ಜೋಡಿಸುತ್ತಾರೆ. ಬಂಧುಗಳ ರಕ್ತದ ಡಿಎನ್‌ಎ ಜೊತೆ ಹೋಲಿಸಿ ಹೆಸರು ಪತ್ತೆಹಚ್ಚಲಾಗುತ್ತದೆ. ಮೂಳೆ ನೋಡಿ ಭಾಷೆ ಹೇಳಲಾಗದು. ಹೀಗೆ ಸಾವಿರಕ್ಕೂ ಹೆಚ್ಚು ಮಂದಿಯ ಗುರುತು ಸಿಕ್ಕಿ ಅವಶೇಷಗಳು ಮನೆಯವರಿಗೆ ತಲುಪಿವೆ. ಉಳಿದವರ ತಾಯಂದಿರಲ್ಲಿ ಹಲವರು ಸುದ್ದಿ ತಿಳಿಯದೆಯೇ ಕಣ್ಣು ಮುಚ್ಚಿದ್ದಾರೆ. ಬಿಕ್ಕಟ್ಟು ಒಂದೊಂದು ವರ್ಷ ಮುಂದೆ ಹೋದಾಗಲೂ ಸಾಕ್ಷಿಗಳ ನೆನಪು ಅಷ್ಟಷ್ಟು ಅಳಿಯುತ್ತದೆ. ಕಾಯುವುದಕ್ಕೆ ಬೆಲೆಯಿಲ್ಲ ಎಂದುಕೊಂಡವರು ಈ ಲೆಕ್ಕವನ್ನು ನೋಡಬೇಕು.

2003ರ ಏಪ್ರಿಲ್ 23ರಂದು ಮೊದಲ ಬಾರಿಗೆ ದಾಟುವ ದಾರಿ ತೆರೆದಾಗ ಸಾವಿರಾರು ಜನ ಸಾಲುಗಟ್ಟಿ ನಿಂತರು. 29 ವರ್ಷಗಳ ಹಿಂದೆ ಬಿಟ್ಟುಬಂದ ಮನೆಯ ಬಾಗಿಲು ತಟ್ಟಲು ಹೊರಟವರು ಅವರಲ್ಲಿ ಬಹಳ ಮಂದಿ. ಲೆದ್ರಾ ಬೀದಿಯ ದಾರಿ 2008ರಲ್ಲಿ ತೆರೆಯಿತು. 2024ರ ಜನವರಿಯಲ್ಲಿ ಗುಟೆರೆಸ್ ಅವರು ಕೊಲಂಬಿಯಾದ ಮಾಜಿ ವಿದೇಶಾಂಗ ಸಚಿವೆ ಮರಿಯಾ ಏಂಜೆಲಾ ಹೋಲ್ಗಿನ್ ಅವರನ್ನು ದೂತೆಯಾಗಿ ನೇಮಿಸಿದರು. 2025ರ ಅಕ್ಟೋಬರಿನಲ್ಲಿ ಉತ್ತರದವರು ಒಕ್ಕೂಟದ ಪರವಾಗಿರುವ ತುಫಾನ್ ಎರ್ಹುರ್ಮಾನ್ ಅವರನ್ನು ನಾಯಕನಾಗಿ ಆರಿಸಿದರು. ಮಾತುಕತೆಯ ಆಸೆ ಮತ್ತೊಮ್ಮೆ ಚಿಗುರಿತು.

ಹೊಸ ಯೋಜನೆ ಬರೆಯುವವರು ಯಾವ ದೇಶದವರೇ ಆಗಲಿ, ಮೊದಲು ಆ ಇಬ್ಬರು ಮೇಯರ್‌ಗಳ ಕಡತವನ್ನು ಓದುವುದು ಒಳ್ಳೆಯದು. ದೇಶ ಯಾರದೆಂಬ ಪ್ರಶ್ನೆಯನ್ನು ಅವರು ಪಕ್ಕಕ್ಕಿಟ್ಟು, ನೀರು ಯಾವ ಕಡೆ ಹರಿಯುತ್ತದೆ ಎಂಬುದರಿಂದ ಮಾತು ಆರಂಭಿಸಿದ್ದರು.