ನಮ್ಮ ಓಣಿಯ ಅಗಲ

ಇಳಕಲ್ಲಿನ ನೇಕಾರರ ಓಣಿಗಳಿಗೆ ಎರಡು ಉದ್ಯೋಗ. ಒಂದು, ಜನರು ಹೋಗಿಬರುವುದು. ಇನ್ನೊಂದು, ಉಂಕಿ ಹಾಸುವುದು. ನೇಯ್ಗೆಯನ್ನು ಕಾಣದ ಓದುಗರಿಗಾಗಿ ಹೇಳುತ್ತೇನೆ: ಸೀರೆಯ ಉದ್ದದ ನೂಲನ್ನು ಮಗ್ಗಕ್ಕೆ ಏರಿಸುವ ಮೊದಲು ಬಯಲಿನಲ್ಲಿ ಬಿಗಿಯಾಗಿ ಎಳೆದು ಕಟ್ಟಿ, ಗಂಜಿ ಹಚ್ಚಿ, ಎಳೆ ಎಳೆ ಬಿಡಿಸಿ ಒಣಗಿಸಬೇಕು. ಎಂಟು ಗಜ, ಒಂಬತ್ತು ಗಜದ ಹಾಸು ನಮ್ಮಂಥವರ ಪಡಸಾಲೆಯಲ್ಲಿ ಹಿಡಿಯುವುದಿಲ್ಲ. ಮನೆಯೊಳಗಿನ ಅರ್ಧ ಜಾಗವನ್ನು ಕುಣಿಮಗ್ಗವೇ ನುಂಗಿರುತ್ತದೆ. ಆದ್ದರಿಂದ ಓಣಿಯೇ ನಮ್ಮ ಎರಡನೆಯ ಕಾರ್ಖಾನೆ. ಒಂದು ಮಗ್ಗುಲಿಗೆ ಉಂಕಿ, ಇನ್ನೊಂದು ಮಗ್ಗುಲಿಗೆ ಎತ್ತಿನ ಬಂಡಿ ದಾಟುವಷ್ಟು ಹಾದಿ. ನಮ್ಮ ಹಿರಿಯರು ಓಣಿಯ ಅಗಲವನ್ನು ಹೀಗೆ ಲೆಕ್ಕ ಹಾಕಿದ್ದರೆಂದು ತೋರುತ್ತದೆ. ಆ ಲೆಕ್ಕದಲ್ಲಿ ಮೋಟಾರು ಇರಲಿಲ್ಲ, ಮಹಡಿಯೂ ಇರಲಿಲ್ಲ.

ಈಗ ಎರಡೂ ಬಂದಿವೆ. ನಾನು ಬಾಲವಾಡಿಗೆ ಹೋಗುತ್ತಿದ್ದಾಗ ನಮ್ಮ ಓಣಿಯಲ್ಲಿ ಇದ್ದವು ಎರಡೇ ಮೋಟಾರು ಸೈಕಲ್ಲು. ಇಂದು ಮನೆಗೆ ಎರಡಾಗಿವೆ. ಅಣ್ಣತಮ್ಮಂದಿರು ಬೇರೆಯಾದಂತೆಲ್ಲ ಮನೆ ಮೇಲಕ್ಕೆ ಬೆಳೆಯಿತು. ಮೇಲಕ್ಕೆ ಬೆಳೆದ ಮನೆಗೆ ಮೆಟ್ಟಿಲು ಬೇಕಷ್ಟೆ. ಅವು ಹೊರಗೆ ಬಂದವು. ಗಟಾರದ ಮೇಲೆ ಫರಸಿ ಬಿತ್ತು, ಫರಸಿಯ ಮೇಲೆ ಕಟ್ಟೆ ಎದ್ದಿತು, ಕಟ್ಟೆಯ ಮುಂದೆ ಗಾಡಿ ನಿಂತಿತು. ನಮ್ಮ ಕಾಕಾನ ಮದುವೆಯಾದಾಗ ನಮ್ಮ ಮನೆಗೂ ಒಂದು ಮಹಡಿ ಬಂತು. ಮಲಗಲು ಜಾಗವಿಲ್ಲದವರು ಮತ್ತೇನು ಮಾಡಬೇಕು? ಇದರಲ್ಲಿ ದುಷ್ಟರು ಯಾರೂ ಇಲ್ಲವೆಂಬುದೇ ಈ ವಿಷಯದ ತೊಡಕು.

ಊರು ಅಡ್ಡಡ್ಡಲಾಗಿಯೂ ಬೆಳೆಯುತ್ತಿದೆ. 2017ರಲ್ಲಿ ಘೋಷಿತವಾದ ಹೊಸ ತಾಲ್ಲೂಕುಗಳಲ್ಲಿ ಇಳಕಲ್ಲೂ ಒಂದಾಗಿ, ಹುನಗುಂದದ ಕೈಬಿಟ್ಟು ತನ್ನ ಕಾಲಮೇಲೆ ನಿಂತಿತು. ಸುತ್ತಲಿನ ಎರೆಹೊಲಗಳು ಒಂದೊಂದಾಗಿ ‘ಎನ್.ಎ.’ ಆಗುತ್ತಿವೆ. ಜೋಳ ಬೆಳೆಯುತ್ತಿದ್ದ ಕಡೆ ಸುಣ್ಣ ಹಚ್ಚಿದ ಗಡಿಗಲ್ಲುಗಳು ಎದ್ದಿವೆ. ಆ ಬಡಾವಣೆಗಳ ಒಳರಸ್ತೆಗಳು ನಿಜಕ್ಕೂ ಅಗಲವಾಗಿವೆ. ಆದರೆ ಅಲ್ಲಿಂದ ಹೊರಟವರೆಲ್ಲರೂ ಬಜಾರಕ್ಕೆ, ಶಾಲೆಗೆ, ಬಸ್‌ಸ್ಟ್ಯಾಂಡಿಗೆ ಬಂದು ಸೇರಬೇಕಾದದ್ದು ಹಳೆಯ ಅದೇ ರಸ್ತೆಗೆ. ಹತ್ತು ಹಳ್ಳಗಳ ನೀರನ್ನು ಒಂದೇ ಮೋರಿಗೆ ತಿರುಗಿಸಿದಂತಾಗಿದೆ. ಕೆಂಪು ಗ್ರಾನೈಟಿನ ದಿಮ್ಮಿ ಹೊತ್ತ ಲಾರಿಯೊಂದು ಎದುರಾದರಂತೂ ಮುಗಿಯಿತು. ವಿಜಯಪುರದಿಂದ ಹುನಗುಂದ, ಇಳಕಲ್ಲುಗಳ ಮಗ್ಗುಲಾಗಿ ಹೊಸಪೇಟೆಗೆ ಹೋಗುವ 50ನೆಯ ರಾಷ್ಟ್ರೀಯ ಹೆದ್ದಾರಿ ನಾಲ್ಕು ಸಾಲಿನದಾಗಿದೆ. ಅದರ ಮೇಲೆ ನಮ್ಮ ಬಸ್ಸು ಗಾಳಿಯಂತೆ ಓಡುತ್ತದೆ. ಊರೊಳಗೆ ಬಂದೊಡನೆ ಅದೇ ಬಸ್ಸಿಗೆ ನಡೆದುಹೋಗುವ ಮುದುಕರು ಮುಂದಾಗುತ್ತಾರೆ.

ರಸ್ತೆಯನ್ನು ಮೊದಲು ಬರೆದು ಮನೆಯನ್ನು ಆಮೇಲೆ ಕಟ್ಟಿದ ಊರೂ ನಮ್ಮ ಜಿಲ್ಲೆಯಲ್ಲಿದೆ. ಬಾಗಲಕೋಟೆಯ ನವನಗರದಲ್ಲಿ ನಮ್ಮ ಸೋದರಮಾವನ ಮನೆಯಿದೆ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಹಳೆಯ ಬಾಗಲಕೋಟೆಯ ಓಣಿಗಳನ್ನು ಮುಳುಗಿಸಿತು. ಮನೆ ಕಳೆದುಕೊಂಡವರಿಗಾಗಿ ಸೆಕ್ಟರುಗಳ ಈ ಊರು ಎದ್ದಿತು. ಅಲ್ಲಿ ನಾಲ್ಕು ಉಂಕಿಗಳನ್ನು ಒಟ್ಟಿಗೆ ಹಾಸಬಹುದು, ಹಾಸುವವರು ಮಾತ್ರ ಇಲ್ಲ. ನಮ್ಮ ಅತ್ತೆ ಒಂದು ಸಲ ಬಾಗಿಲಲ್ಲಿ ಕುಳಿತು ಹೇಳಿದ್ದು ನನಗೆ ನೆನಪಿದೆ: “ರಸ್ತೆ ಅಗಲ ಐತಿ ಖರೆ ಯವ್ವಾ, ಮಾತಾಡ್ಸೋರು ದೂರ ಆಗ್ಯಾರ.” ಜಲಾಶಯದಲ್ಲಿ ಈಗ 519.60 ಮೀಟರಿನವರೆಗೆ ನೀರು ನಿಲ್ಲಿಸುತ್ತಾರೆ. 2010ರ ನ್ಯಾಯಾಧಿಕರಣದ ತೀರ್ಪಿನಲ್ಲಿ 524.256 ಮೀಟರಿಗೆ ಒಪ್ಪಿಗೆಯಿದೆ. ಅಷ್ಟು ನಿಲ್ಲಿಸಿದ ದಿನ ಇನ್ನಷ್ಟು ಜನ ಏಳಬೇಕು, ಇನ್ನಷ್ಟು ಮನೆ ಕಟ್ಟಬೇಕು.

ಬಾದಾಮಿಯದು ಮತ್ತೊಂದು ಬಗೆ. ಮೇಣಬಸದಿ ಮತ್ತು ಅಗಸ್ತ್ಯತೀರ್ಥದ ಬಳಿಯವರೆಗೂ ಮನೆಗಳು ಒತ್ತಿ ನಿಂತಿವೆ. 2010ರ ತಿದ್ದುಪಡಿಯ ಪ್ರಕಾರ ಸಂರಕ್ಷಿತ ಸ್ಮಾರಕದಿಂದ 100 ಮೀಟರಿನೊಳಗೆ ಹೊಸ ಕಟ್ಟಡ ಕೂಡದು, ಅದರಾಚೆ 200 ಮೀಟರಿಗೆ ಅಪ್ಪಣೆ ಬೇಕು. ಚಾಲುಕ್ಯರ ಕಲ್ಲಿಗೆ ಇಷ್ಟು ರಕ್ಷಣೆಯಿರುವುದು ಸರಿಯೇ. ಉಂಕಿ ಹಾಸುವ ಓಣಿಗೆ ಅಂಥದೊಂದು ಗೆರೆಯನ್ನು ಯಾರೂ ಎಳೆದಿಲ್ಲವಲ್ಲ ಎಂದು ಮಾತ್ರ ನನಗೆ ಅಲ್ಲಿ ನಿಂತಾಗ ಅನಿಸಿತು.

ಕಳೆದ ಮಳೆಗಾಲದಲ್ಲಿ ನಡೆದುದನ್ನು ಹೇಳಬೇಕು. ನಾಲ್ಕು ಮನೆಯಾಚೆಯ ಅಕ್ಕನಿಗೆ ನಡುರಾತ್ರಿ ಹೆರಿಗೆಬೇನೆ ಎದ್ದಿತು. ಆಂಬುಲೆನ್ಸು ಬೇಗನೆಯೇ ಬಂತು. ಬಂದು ಓಣಿಯ ಬಾಯಲ್ಲಿ ನಿಂತಿತು. ಒಂದು ಕಡೆ ಮೆಟ್ಟಿಲು, ಇನ್ನೊಂದು ಕಡೆ ಸಾಲಾಗಿ ಮೋಟಾರು ಸೈಕಲ್ಲು, ನಡುವೆ ಯಾರೋ ಮನೆ ಕಟ್ಟಲು ಸುರಿದ ಮರಳಿನ ಗುಂಪು. ಗಂಡಸರು ಅಕ್ಕನನ್ನು ಹೊರಸಿನ ಮೇಲೆ ಮಲಗಿಸಿ ಹೊತ್ತರು. ನಾನು ಮುಂದೆ ಬ್ಯಾಟರಿ ಹಿಡಿದು ನಡೆದೆ. ಅವ್ವ ಹಿಂದೆ ಕೊಡೆ ಹಿಡಿದಿದ್ದಳು. ಅಕ್ಕ ಒಮ್ಮೆಯೂ ಕೂಗಲಿಲ್ಲ, ಹೊರಸಿನ ಪಟ್ಟಿಯನ್ನು ಹಿಡಿದ ಅವಳ ಬೆರಳುಗಳು ಮಾತ್ರ ಬೆಳ್ಳಗಾಗಿದ್ದವು. ಕೂಸು ಈಗ ಚೆನ್ನಾಗಿದೆ, ಹೆಣ್ಣು ಕೂಸು.

ಆ ವಾರವೇ ಹಿರಿಯರು ಹನುಮಪ್ಪನ ಗುಡಿಯಲ್ಲಿ ಕೂಡಿದರು. ಗಟಾರ ದಾಟಿ ಬಂದ ಕಟ್ಟೆಗಳನ್ನು ತೆಗೆಯುವುದು, ಗಾಡಿಗಳನ್ನು ಗುಡಿಯ ಬಯಲಿನಲ್ಲಿ ನಿಲ್ಲಿಸುವುದು ಎಂದು ಮಾತಾಯಿತು. ಹೊಸ ಬಡಾವಣೆಗಳ ಗಾಡಿಗಳಿಗೆ ಬೇರೊಂದು ಕೂಡುರಸ್ತೆ ಬೇಕೆಂದು ಅರ್ಜಿ ಕೊಡುವುದೂ ನಿಶ್ಚಯವಾಯಿತು. ಬರೆಯುವವರು ಯಾರೆಂಬ ಪ್ರಶ್ನೆ ಬಂದಾಗ ನಮ್ಮ ತಂದೆಯವರು ಗುಡಿಯಿಂದಲೇ ಕೂಗಿದರು: “ಬಾರವ್ವಾ, ಬಿ.ಎ. ಓದಾಕತ್ತಿ, ಒಂದು ಅರ್ಜಿ ಬರಿಯಾಕ ಬರೂದಿಲ್ಲೇನು?” ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಕಂಡಿಕಿ ಸುತ್ತುವ ರಾಟಿಯನ್ನು ಬದಿಗಿಟ್ಟು ಹೋಗಿ ಬರೆದೆ. ಎರಡು ಪುಟವಾಯಿತು. ಮೂವತ್ತೊಂದು ಸಹಿ, ಹನ್ನೆರಡು ಹೆಬ್ಬೆಟ್ಟು ಬಿದ್ದವು.

ಅರ್ಜಿಗೆ ಉತ್ತರವಿನ್ನೂ ಬಂದಿಲ್ಲ. ಐದು ಕಟ್ಟೆಗಳು ಹೋದವು; ಮೊದಲನೆಯದು ನಮ್ಮದು, ತಂದೆಯವರೇ ಹಾರೆ ಹಿಡಿದರು. ಆರನೆಯದರ ಯಜಮಾನರು “ನಮ್ಮ ಅಜ್ಜನ ಕಾಲದ್ದು” ಎನ್ನುತ್ತಾರೆ. ಅದರ ಸಿಮೆಂಟಾದರೋ ನನಗಿಂತ ಚಿಕ್ಕದು. ದಿನವೂ ಸಂಜೆ ಒಬ್ಬರಲ್ಲ ಒಬ್ಬರು ಹಿರಿಯರು ಅದೇ ಕಟ್ಟೆಯ ಮೇಲೆ ಕುಳಿತು ಅವರ ಮನವೊಲಿಸುತ್ತಿದ್ದಾರೆ.