ಎಕ್ಕೆ ಗಿಡದ ಮಿಡತೆ, ತೊಗರಿಯ ಕೀಡಿ

ಇಟಗಿಗೆ ಬಂದವರು 1112ರಲ್ಲಿ ಕಟ್ಟಿದ ಮಹಾದೇವ ದೇವಾಲಯ ನೋಡಿಕೊಂಡು ಹೋಗುತ್ತಾರೆ. ನಾವು ಈ ಸಲ ಸುತ್ತಲಿನ ಹೊಲದ ಬದುಗಳ ಬಗ್ಗೆ ಬರೆಯುತ್ತಿದ್ದೇವೆ.

ಬದುವಿನ ಎಕ್ಕೆ ಗಿಡವನ್ನೇ ನೋಡಿ. ದನ ಅದಕ್ಕೆ ಬಾಯಿ ಹಾಕುವುದಿಲ್ಲ. ಆದರೆ ಹಳದಿ, ನೀಲಿ ಪಟ್ಟೆಯ ಮಿಡತೆಯೊಂದು ಅದನ್ನೇ ತಿಂದು ಬದುಕುತ್ತದೆ. ಎಕ್ಕೆ ಹಾಲಿನ ವಿಷವನ್ನು ಮೈಯಲ್ಲೇ ಇಟ್ಟುಕೊಳ್ಳುತ್ತದೆ. ಅದರ ಮರಿಯನ್ನು ಹಿಡಿದು ಒತ್ತಿದರೆ ರಸ ಚಿಮ್ಮಿಸುತ್ತದೆ. ಇಂಥ ಹುಳಕ್ಕೆ ಅಡಗಿಕೊಳ್ಳುವ ಗರಜಿಲ್ಲ. ಆ ಬಣ್ಣವೇ ಹಕ್ಕಿಗೆ ಎಚ್ಚರಿಕೆ.

ಅದೇ ಎಕ್ಕೆ ತಿಂದು ಬೆಳೆಯುವ ಕಿತ್ತಳೆ ಬಣ್ಣದ ಚಿಟ್ಟೆಯೂ ಹಕ್ಕಿಗೆ ಕಹಿ. ಮಜಾ ಏನೆಂದರೆ, ವಿಷವಿಲ್ಲದ ಇನ್ನೊಂದು ಜಾತಿಯ ಹೆಣ್ಣು ಚಿಟ್ಟೆ ಥೇಟ್ ಅದರ ವೇಷದಲ್ಲೇ ಹಾರಾಡಿ ಪಾರಾಗುತ್ತದೆ. ಗಂಡಿನ ಬಣ್ಣವೇ ಬೇರೆ.

ಇದನ್ನು ಹುಳಕ್ಕೆ ಯಾರೂ ಕಲಿಸಿದ್ದಲ್ಲ. ಹಕ್ಕಿಯ ಕಣ್ಣಿಗೆ ಬಿದ್ದವು ಸತ್ತವು, ತಪ್ಪಿಸಿಕೊಂಡವು ಮೊಟ್ಟೆ ಇಟ್ಟವು. ಉಳಿದವುಗಳ ಗುಣ ಮರಿಗಳಿಗೆ ಬಂತು. ಸಾವಿರಾರು ತಲೆಮಾರು ನಡೆದದ್ದು ಇಷ್ಟೇ.

ಈ ಲೆಕ್ಕ ನಮ್ಮ ಹೊಲದಲ್ಲೂ ನಡೆಯುತ್ತಿದೆ. ತೊಗರಿ, ಕಡಲೆಯ ಕಾಯಿಕೊರಕ ಕೀಡಿ ಹಸಿರು, ಕಂದು, ಹಳದಿ ಹೀಗೆ ಹಲವು ಬಣ್ಣಗಳಲ್ಲಿ ಸಿಗುತ್ತದೆ, ಎಲೆ ಹೂವಿನ ನಡುವೆ ಕಾಣುವುದೇ ಕಷ್ಟ. ಅದಕ್ಕೆ ನಾವು ಎಣ್ಣಿ ಹೊಡೆಯುತ್ತೇವೆ. ನೂರರಲ್ಲಿ ನಾಲ್ಕು ತಡೆದುಕೊಂಡು ಉಳಿದರೂ ಸಾಕು, ಮುಂದಿನ ಸಂತತಿ ಆ ನಾಲ್ಕರದ್ದು. ಹಕ್ಕಿಗೆ ಬಗ್ಗದ ಹುಳ ಹುಟ್ಟಿದಂತೆ ಎಣ್ಣಿಗೆ ಬಗ್ಗದ ಹುಳವೂ ಹುಟ್ಟುತ್ತದೆ. 2002ರಲ್ಲಿ ಬಂದ ಬಿಟಿ ಹತ್ತಿಗೂ ಗುಲಾಬಿ ಕಾಯಿಕೊರಕ ಹೀಗೆಯೇ ಒಗ್ಗಿಕೊಂಡಿತು. ಹುಳ ಸಾಯದಿದ್ದಾಗ ಇನ್ನೊಂದು ಡಬ್ಬಿ ತರುತ್ತೇವೆ, ಅಂಗಡಿಯ ಉದ್ರಿ ಏರುತ್ತದೆ. ಕೀಡಿ ತಿನ್ನುವ ಜೇಡ, ಕಣಜದ ಹುಳಗಳೂ ಅದೇ ಎಣ್ಣಿಗೆ ಸಾಯುತ್ತವೆ.

ಹಿಂದೆ ತೊಗರಿ ಗಿಡ ಅಲುಗಾಡಿಸಿ, ಬಟ್ಟೆ ಮೇಲೆ ಕೀಡಿ ಬೀಳಿಸಿ ಕೊಲ್ಲುತ್ತಿದ್ದರು. ಈಗಲೂ ಕೃಷಿ ತಜ್ಞರು ಹೊಲದಲ್ಲಿ ಅಲ್ಲಲ್ಲಿ ಕವಲು ಕೋಲು ನೆಡಲು ಹೇಳುತ್ತಾರೆ. ಕಾಜಾಣ, ಗೊರವಂಕ ಬಂದು ಕೂತು ಕೀಡಿ ಹೆಕ್ಕುತ್ತವೆ. ಇದರಿಂದ ಎಣ್ಣಿ ಪೂರ್ತಿ ಬೇಡವಾಗುತ್ತದೆ ಎಂದು ನಾವು ಹೇಳುವುದಿಲ್ಲ. ಮೊದಲು ಗಿಡ ಅಲುಗಾಡಿಸಿ ಹುಳ ಎಷ್ಟಿವೆ ಎಣಿಸಿ, ಹೆಚ್ಚಿದ್ದರಷ್ಟೇ ಹೊಡೆಯಿರಿ. ಅದೇ ಔಷಧವನ್ನು ಮತ್ತೆ ಮತ್ತೆ ಹೊಡೆಯಬೇಡಿ. ಕವಲು ಕೋಲಿಗೆ ದುಡ್ಡು ಬೇಕಿಲ್ಲ, ಬದುವಿನ ಜಾಲಿ ಟೊಂಗೆ ಸಾಕು.