ಬೆರ್ನಾವರ್ ಬೀದಿಯ ಹಳೆಯ ಆಸ್ಪತ್ರೆ
ಬರ್ಲಿನ್ನಿನ ಬೆರ್ನಾವರ್ ಬೀದಿಗೆ ಬರುವ ಪ್ರವಾಸಿಗರು ಅರಸುವುದು, 1961ರಲ್ಲಿ ನಗರವನ್ನು ಸೀಳಿದ ಗೋಡೆಯ ಅವಶೇಷವನ್ನು. ಅದರೆದುರಿಗೇ ಇರುವ ಲಾಜರಸ್ ಸಂಸ್ಥೆಯ ಹಳೆಯ ಕಟ್ಟಡದತ್ತ ಕಣ್ಣು ಹಾಯಿಸುವವರು ವಿರಳ. ಹಿಂದೆ ಅದು ಆಸ್ಪತ್ರೆಯಾಗಿತ್ತು. 1882ರ ಜುಲೈ 15ರಂದು ಕಾರ್ಲ್ ಲಾಂಗೆನ್‌ಬುಖ್ ಎಂಬ ಶಸ್ತ್ರವೈದ್ಯನು ರೋಗಿಯೊಬ್ಬನ ಪಿತ್ತಕೋಶವನ್ನು ಮೊತ್ತಮೊದಲು ತೆಗೆದುದು ಅಲ್ಲಿಯೇ. 43 ವರ್ಷದ ಆ ರೋಗಿ 16 ವರ್ಷಗಳಿಂದ ಪಿತ್ತಶೂಲೆಯಲ್ಲಿ ಬೆಂದವನು. ಮರುದಿನವೇ ಚುಟ್ಟಾ ಸೇದುವಷ್ಟು ಗೆಲುವಾದನಾದರೂ ಮನೆಗೆ ಮರಳಲು ಆರು ವಾರ ಹಿಡಿಯಿತು.

ಇಂದು ಸಣ್ಣ ರಂಧ್ರಗಳಲ್ಲಿಯೇ ಕೆಲಸ ಮುಗಿದು, ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ರೋಗಿ ಮನೆ ಸೇರುತ್ತಾನೆ. ಆದರೆ ನೋವು ಅಷ್ಟು ಬೇಗ ಬಿಡದು. ಹೊಟ್ಟೆ ಕೊಯ್ದರೆ ಹೆಗಲೇಕೆ ನೋಯಬೇಕೆಂದು ಮನೆಯವರು ಬೆದರುವುದುಂಟು. ಶಸ್ತ್ರಕ್ರಿಯೆಗಾಗಿ ಹೊಟ್ಟೆಯೊಳಗೆ ತುಂಬಿದ ಅನಿಲವು ವಪೆಯನ್ನು ಕೆರಳಿಸುತ್ತದೆ. ವಪೆಗೂ ಹೆಗಲಿಗೂ ಹೋಗುವ ನರಗಳ ಮೂಲ ಒಂದೇ. ಈ ನೋವು ಕೆಲವು ದಿನಗಳದು. ಗಾಯದ ನೋವು ಕೆಲವು ವಾರಗಳದು. ದಿನದಿನಕ್ಕೆ ಇಳಿಯುವ ನೋವಿಗೆ ಅಂಜಬೇಕಾಗಿಲ್ಲ. ಏರುವ ನೋವು, ಜ್ವರ, ಕಾಮಾಲೆ ತೋರಿದರೆ ಮಾತ್ರ ತಡಮಾಡದೆ ವೈದ್ಯರನ್ನು ಕಾಣತಕ್ಕದ್ದು. ರಂಧ್ರ ಕಿರಿದಾದ ಮಾತ್ರಕ್ಕೆ ಒಳಗಿನ ಗಾಯ ಮಾಯುವ ಕಾಲ ಇಲ್ಲವಾಗುವುದಿಲ್ಲ.